ಚಳ್ಳಕೆರೆ ಗರಡಿಗೆ ಮರಳಿದ ಉಸ್ತಾದ

ಚಳ್ಳಕೆರೆಯ ಗರಡಿಯಿಂದ ವಲಿಸಾಬನನ್ನು ಓಡಿಸಿದವರೇ ಅವನನ್ನು ಮತ್ತೆ ಕರೆಯಲು ಮೊಳಕಾಲ್ಮೂರಿಗೆ ಬಂದರು. ಆಗ ಅವನು ಒಂದು ಎತ್ತನ್ನು ಕೆಡವಿ ಅದರ ಗೊರಸಿಗೆ ಲಾಳ ಕಟ್ಟುತ್ತಿದ್ದ. ನಡುವೆ ಬಿಟ್ಟು ಏಳುವ ಕೆಲಸ ಅದಲ್ಲ. ಗರಡಿಯ ಯಜಮಾನ ದೊಡ್ಡಪಾಲಯ್ಯ ವೀಳ್ಯದ ತಟ್ಟೆ ಹಿಡಿದುಕೊಂಡು, ಕೊನೆಯ ಗೊರಸು ಮುಗಿಯುವ ತನಕ ಬೇವಿನ ಮರದ ಕೆಳಗೆ ನಿಂತೇ ಇದ್ದ.

ಲಾಳ ಕಟ್ಟುವುದು ವಲಿಸಾಬನಿಗೆ ತಂದೆಯಿಂದ ಬಂದ ಕಸುಬು. ಬೇರೆಯವರು ಎತ್ತನ್ನು ಕೆಡವಲು ನಾಲ್ಕು ಜನರನ್ನು ಕರೆಯುತ್ತಿದ್ದರು. ಇವನು ಕಾಲಿಗೆ ಹಗ್ಗ ಸುತ್ತಿ, ಅದರ ಹೊಟ್ಟೆಗೆ ಒರಗಿ ನಿಂತು, ಏನೋ ಗುನುಗುತ್ತಿದ್ದ. ಸ್ವಲ್ಪ ಹೊತ್ತಿಗೆ ಎತ್ತು ತನಗೇ ದಣಿವಾದಂತೆ ಮಂಡಿಯೂರಿ ಮಗ್ಗುಲಾಗುತ್ತಿತ್ತು. ಗರಡಿಯಲ್ಲೂ ಹುಡುಗರಿಗೆ ಅದನ್ನೇ ಹೇಳುತ್ತಿದ್ದ. "ಕೆಡವಾಕೆ ಹೋಗ್ಬ್ಯಾಡ್ರಲೇ. ಅವನು ಬೀಳೋ ಜಾಗ ಒಂದಿರ್ತೈತೆ, ಅಲ್ಲಿಗೆ ಕರ್ಕಂಡು ಹೋಗ್ರಿ."

ಅವನನ್ನು ಓಡಿಸಿದ್ದು ಒಂದು ಹೆಜ್ಜೆಯ ಕಾರಣಕ್ಕೆ. ಪ್ಲೇಗು ಬರುವ ಮುಂಚಿನ ವರ್ಷ, ದಸರೆ ಕಳೆದ ಮೇಲೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಊರಿನ ಗರಡಿಗಳ ನಡುವೆ ನಡೆಯುವ ಕುಸ್ತಿಯಲ್ಲಿ, ಅವನ ಹುಡುಗನೊಬ್ಬನ ಭುಜದ ಕೀಲು ತಪ್ಪಿತು. ಎದುರಾಳಿಗೆ ಅದು ತಿಳಿಯಲಿಲ್ಲ, ಅವನು ತೋಳನ್ನು ಇನ್ನಷ್ಟು ತಿರುವುತ್ತಲೇ ಇದ್ದ. ವಲಿಸಾಬ ಕಣದೊಳಕ್ಕೆ ಕಾಲಿಟ್ಟು ಹುಡುಗನನ್ನು ಎಳೆದುಕೊಂಡ. ಜೋಡಿ ಹಿಡಿದ ಮೇಲೆ ಉಸ್ತಾದನ ಕಾಲು ಮಣ್ಣಿಗೆ ಸೋಕಿದರೆ ಆ ಗರಡಿಯೇ ಸೋತಂತೆ. ಇನ್ನೂ ಇಳಿಯದೆ ಕಾಯುತ್ತಿರುವ ಜೋಡಿಗಳೂ ಸೋತಂತೆ. ಲಂಗೋಟಿ ಬಿಗಿದು ನಿಂತಿದ್ದವರು ಹಾಗೆಯೇ ಪಂಚೆ ಸುತ್ತಿಕೊಂಡು ಮನೆಗೆ ಹೋದರು. ಹುಡುಗನ ತೋಳು ಉಳಿಯಿತು, ಅವನು ಆಮೇಲೆ ಅದೇ ತೋಳಿನಲ್ಲಿ ಗಾಡಿ ಹೊಡೆದ. ಆ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮಾರನೆಯ ದಿನ ದೊಡ್ಡಪಾಲಯ್ಯ ವಲಿಸಾಬನ ಬಾಗಿಲಿಗೆ ಬಂದು, ಇನ್ನು ಗರಡಿ ಕಡೆ ಬರಬೇಡ ಎಂದ. ಅವನು ಹೆಂಡತಿ ಮದರ್ ಬೀಯನ್ನು ಕರೆದುಕೊಂಡು, ಇಕ್ಕಳ ಸುತ್ತಿಗೆಗಳನ್ನು ಹೊತ್ತುಕೊಂಡು ಮೊಳಕಾಲ್ಮೂರು ಸೇರಿದ.

ಅಲ್ಲಿಯೂ ಗರಡಿಯಿತ್ತು, ಆ ಹೊತ್ತಿಗೆ ಹೇಳಿಕೊಡುವವರಿರಲಿಲ್ಲ. ಬಂಡೆಗುಡ್ಡದ ಕೆಳಗಿನ ಆ ಊರಲ್ಲಿ ಮಗ್ಗದ ಮನೆಗಳ ನಡುವೆ ವಲಿಸಾಬ ಮತ್ತೆ ಉಸ್ತಾದನಾದ. ಕುರಿ ಕಾಯುವವರ ಪೈಕಿ ಯತ್ತಪ್ಪ ಎಂಬ ಹುಡುಗ, ಹಿಂದೆ ಮುಂದೆ ಯಾರೂ ಇಲ್ಲದವನು, ಅವನ ಕೈಗೆ ಬಂದ. ಸಾಮು ಮುಗಿಸಿ ಮದರ್ ಬೀಯ ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ತಿನ್ನುತ್ತ ತಿನ್ನುತ್ತ ಬಾಗಿಲಿನಷ್ಟೇ ಅಗಲವಾದ. ಅವನು ಕಣಕ್ಕಿಳಿಯಲು ಶುರುಮಾಡಿದ ಮೇಲೆ ಚಳ್ಳಕೆರೆ ಒಂದು ದಸರೆಯನ್ನೂ ಗೆದ್ದಿರಲಿಲ್ಲ. ವಲಿಸಾಬ ಮೊಳಕಾಲ್ಮೂರಿನವರ ಜೊತೆ ಬಂದು, ಕುಸ್ತಿ ಮುಗಿಸಿ, ತಾನು ಹುಟ್ಟಿದ ಊರಿನೊಳಕ್ಕೆ ಹೋಗದೆ, ಕುಸ್ತಿ ನಡೆಯುವ ಕೆರೆಯಂಗಳದಿಂದಲೇ ಹಿಂದಿರುಗುತ್ತಿದ್ದ.

ಬೇವಿನ ಕೆಳಗೆ ದೊಡ್ಡಪಾಲಯ್ಯ ತಟ್ಟೆ ಮುಂದಿಟ್ಟ.

"ಹಳೇದೆಲ್ಲ ಬಿಡು ಸಾಬ. ಊರು ಕರೀತೈತೆ."

"ಊರಾಗೆ ಯಾರವ್ರೆ ಯಜಮಾನ್ರೆ, ಕರೆಯೋಕೆ?" ವಲಿಸಾಬ ಕೈ ಒರೆಸಿಕೊಳ್ಳುತ್ತ ಕೇಳಿದ. ವ್ಯಂಗ್ಯವಲ್ಲ, ನಿಜಕ್ಕೂ ಕೇಳಿದ್ದು. ಪ್ಲೇಗಿನಲ್ಲಿ ಚಳ್ಳಕೆರೆ ಖಾಲಿಯಾಗಿ ಜನ ಉಳ್ಳಾರ್ತಿ ಕಾವಲಿನ ಹುಲ್ಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗರಡಿಯ ಹುಡುಗರಲ್ಲಿ ಕೆಲವರು ಅಲ್ಲೇ ಮಣ್ಣು ಸೇರಿದರು, ಕೆಲವರು ಕೋಲಾರದ ಚಿನ್ನದ ಗಣಿಗೆ ಹೋದರು.

"ಕ್ಯಾತಪ್ಪ ಅವ್ನೆ," ಎಂದ ದೊಡ್ಡಪಾಲಯ್ಯ. "ಉಣ್ಣೆ ಮೂಟೆ ಹೊರ್ತಾನೆ. ಈ ಸಲಾನೂ ಸೋತ್ರೆ ಗರಡಿ ಬಾಗ್ಲು ಹಾಕೋದೆ. ಕಂಬಳಿ ಯಾಪಾರದೋರು ಮಳಿಗೆಗೆ ಬೇಕು ಅಂತ ಕುಂತವ್ರೆ. ಗೆದ್ರೆ ಗರಡೀನೂ ಇರ್ತೈತೆ, ನೀನೂ ಸಾಯೋತನ್ಕ ಉಸ್ತಾದ್ ಆಗಿ ಇರ್ತೀಯ. ಊರ ಮುಂದೆ ಹೇಳ್ತೀನಿ ಬೇಕಾದ್ರೆ."

ಆ ಸಂಜೆ ಮದರ್ ಬೀ ಒಲೆಯ ಮುಂದಿನಿಂದ ಏಳಲಿಲ್ಲ. "ನಿಮ್ಮನ್ನ ಗೆಲ್ಸಾಕೆ ಕರೀತಿಲ್ಲ," ಎಂದಳು. "ಹೆಂಗೂ ಮುಚ್ತಾರೆ, ಮುಚ್ಚಿದ ಪಾಪ ಹೊರಾಕೆ ಒಂದು ತಲೆ ಬೇಕಾಗೈತೆ."

"ಆ ಮಣ್ಣು ನನ್ ಕೈಯಾಗೆ ಹದ ಆಗಿದ್ದು."

"ಮಣ್ಣು ಕರ್ದಿಲ್ಲ. ದೊಡ್ಡಪಾಲಯ್ಯ ಕರ್ದವ್ನೆ."

ವಲಿಸಾಬ ಆಗಲೇ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಿದ್ದ. ವೀಳ್ಯ ತಿಂದ ಮೇಲೆ ಇಲ್ಲ ಎನ್ನುವಂತಿಲ್ಲ.

ಹೊರಟ ದಿನ ಯತ್ತಪ್ಪ ಅವರ ಗಂಟನ್ನು ಊರ ಗಡಿಯ ತನಕ ಹೊತ್ತು ತಂದ. ಮದರ್ ಬೀ ಅವನ ತಲೆ ಸವರಿ, "ಹೊಟ್ಟೆ ತುಂಬ ಉಣ್ಣು," ಎಂದಳು. "ದಸರಕ್ಕೆ ಸಿಗ್ತೀನಿ ಉಸ್ತಾದ್," ಎಂದ ಯತ್ತಪ್ಪ. "ಸಿಗಪ್ಪ," ಎಂದ ವಲಿಸಾಬ. ಹೇಗೆ ಸಿಗುತ್ತಾರೆ, ಯಾವ ಕಡೆ ನಿಂತು ಸಿಗುತ್ತಾರೆ ಎಂಬುದನ್ನು ಇಬ್ಬರೂ ಆಡಲಿಲ್ಲ.

ಚಳ್ಳಕೆರೆ ಗರಡಿಯ ಮಣ್ಣು ಸುಟ್ಟ ಇಟ್ಟಿಗೆಯಂತಾಗಿತ್ತು. ಹಲ್ಲಿಗಳು ಅದರ ಬಿರುಕಿನಲ್ಲಿ ಸಂಸಾರ ಹೂಡಿದ್ದವು. ವಲಿಸಾಬ ಗುದ್ದಲಿ ಹಿಡಿದ. ಜೊತೆಗೆ ಬಂದವನು ಕ್ಯಾತಪ್ಪ ಒಬ್ಬನೇ. ಇಬ್ಬರೂ ಅಗೆದು, ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ತುಳಿದರು. ಬಹಳ ದಿನದ ಮೇಲೆ ಆ ಮಣ್ಣಿಗೆ ಹಳೆಯ ವಾಸನೆ ಬಂದಾಗ ವಲಿಸಾಬ ಕಂಬಕ್ಕೆ ಒರಗಿ ಸುಮ್ಮನೆ ನಿಂತುಬಿಟ್ಟ.

ಕ್ಯಾತಪ್ಪ ಪ್ಲೇಗಿನಿಂದ ಎದ್ದು ಬಂದವನು. ಗಡ್ಡೆ ಒಡೆದ ಕಲೆ ತೊಡೆಯ ಸಂದಿನಲ್ಲಿತ್ತು. ಸ್ವಲ್ಪ ಓಡಿದರೆ ಉಸಿರು ಕೊಳಲಿನಂತೆ ಸದ್ದು ಮಾಡುತ್ತಿತ್ತು. ನಗುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ನನ್ನ ಕೆಡವಿದ್ರೂ ಸದ್ದು ಬರಾಕಿಲ್ಲ ಉಸ್ತಾದ್ರೆ, ತೂಕ ಇಲ್ಲ. ಬಿದ್ದಿದ್ದು ಯಾರಿಗೂ ಗೊತ್ತಾಗಾಕಿಲ್ಲ."

"ಬಾಯಿಗೆ ಕುಸ್ತಿ ಇಟ್ರೆ ನೀನೇ ಗೆಲ್ತೀಯ ಬಿಡಲೇ. ದಂಡ ಹೊಡಿ."

ದೊಡ್ಡಪಾಲಯ್ಯ ಕಳಿಸುತ್ತೇನೆಂದ ಹಾಲು ತುಪ್ಪ ಕೆಲವು ದಿನ ಬಂತು, ಆಮೇಲೆ ಹಾಲು ಮಾತ್ರ ಬಂತು, ಆಮೇಲೆ ಅದೂ ಇಲ್ಲ. ಮದರ್ ಬೀ ತಮ್ಮ ಮನೆಯ ಮುದ್ದೆಯಲ್ಲೇ ಕ್ಯಾತಪ್ಪನಿಗೊಂದು ಪಾಲು ಎತ್ತಿಟ್ಟಳು. ಯತ್ತಪ್ಪನನ್ನು ಕ್ಯಾತಪ್ಪ ಗೆಲ್ಲಲಾರ ಎಂಬುದು ವಲಿಸಾಬನಿಗೆ ಮೊದಲ ದಿನವೇ ತಿಳಿದಿತ್ತು. ಯತ್ತಪ್ಪನ ಒಂದೊಂದು ಪಟ್ಟನ್ನೂ ಕೂಡಿಸಿದವನು ತಾನೇ. ಅದಕ್ಕೆ ಅವನು ಕ್ಯಾತಪ್ಪನಿಗೆ ಕೆಡವುವುದನ್ನು ಕಲಿಸಲೇ ಇಲ್ಲ. ಕಾಲೂರುವುದು, ತೂಕವನ್ನು ಹಿಮ್ಮಡಿಗೆ ಇಳಿಸುವುದು, ಹಿಡಿದವನ ಕೈಯಲ್ಲಿ ಸಡಿಲಾಗಿ ಜಾರುವುದು, ಇಷ್ಟನ್ನೇ ದಿನವೂ ತಿದ್ದಿದ. ಹೊತ್ತು ಮುಳುಗುವ ತನಕ ಬೀಳದೆ ನಿಂತರೆ ಕುಸ್ತಿ ಸಮ. ಸಮವಾದರೆ ಸೋತಂತಲ್ಲ. ಅವನಿಗೆ ಕಂಡ ದಾರಿ ಅದೊಂದೇ, ಅದೂ ಕೂದಲೆಳೆಯಷ್ಟು.

"ಗೆಲ್ಲೋದು ಯಾವಾಗ ಹೇಳ್ಕೊಡ್ತೀರಿ?" ಎಂದು ಕ್ಯಾತಪ್ಪ ಕೇಳುತ್ತಿದ್ದ.

"ನಿಂತ್ಕಳೋದು ಕಲಿ ಮೊದ್ಲು."

ಯಜಮಾನ ಒಂದು ದಿನವೂ ಸಾಮು ನೋಡಲು ಬರಲಿಲ್ಲ. ಬೀದಿಯಲ್ಲಿ ಸಿಕ್ಕಾಗ ವಲಿಸಾಬನೇ, "ಹುಡುಗನ್ನ ಒಂದ್ಸಲ ನೋಡ್ಬರ್ರಿ," ಎಂದ. ದೊಡ್ಡಪಾಲಯ್ಯ ಅವನ ಬೆನ್ನು ತಟ್ಟಿ, "ನೀನು ಬಂದೀಯಲ್ಲ, ಅಷ್ಟೇ ಸಾಕು," ಎಂದ. ಆ ಮಾತನ್ನು ವಲಿಸಾಬ ಮನೆಗೆ ತಂದು ಹೆಂಡತಿಗೆ ಹೇಳಿದ. ಎತ್ತಿನ ಗೊರಸು ಹಿಡಿದಾಗಲೂ ಅದನ್ನು ನೆನೆದು ಒಳಗೊಳಗೇ ಹಿಗ್ಗಿದ. ಓಡಿಸಿದ ಬಾಯಿಂದಲೇ ಅದು ಬಂದಿತ್ತಲ್ಲ.

ಕುಸ್ತಿಯ ಹಿಂದಿನ ದಿನ ದೊಡ್ಡಪಾಲಯ್ಯ ಗರಡಿಗೆ ಬಂದ. ಕ್ಯಾತಪ್ಪನ ಕಡೆ ತಿರುಗಿಯೂ ನೋಡದೆ ವಲಿಸಾಬನನ್ನು ಜಗಲಿಗೆ ಕರೆದ.

"ನಾಳೆ ಯತ್ತಪ್ಪ ನಿನ್ ಹತ್ರ ಮಣ್ಣಿಗೆ ಬರ್ತಾನೆ."

"ಬರ್ತಾನೆ."

ಅದು ಎರಡೂ ಊರಿನ ಗರಡಿಗಳಲ್ಲಿ ನಡೆದು ಬಂದ ಕಟ್ಟಳೆ. ಗರಡಿಗೆ ಸೇರಿದ ದಿನ ಯಾರು ಹಣೆಗೆ ಮಣ್ಣು ಹಚ್ಚಿದರೋ, ಅವರು ಬದುಕಿರುವ ತನಕ ಪ್ರತಿ ಕುಸ್ತಿಗೂ ಅವರೇ ಹಚ್ಚಬೇಕು. ಬೇರೆಯವರ ಮಣ್ಣು ಆಗದು. ಮಣ್ಣು ಸಿಗದವನು ಕಣಕ್ಕೆ ಇಳಿಯುವುದಿಲ್ಲ.

"ಕೊಡಬ್ಯಾಡ," ಎಂದ ದೊಡ್ಡಪಾಲಯ್ಯ.

ವಲಿಸಾಬನಿಗೆ ತಕ್ಷಣ ಅರ್ಥವಾಗಲಿಲ್ಲ. "ಮತ್ತೆ ಕ್ಯಾತಪ್ಪ?" ಎಂದ.

"ಅವನು ಲಂಗೋಟಿ ಕಟ್ಟಿ ನಿಂತ್ಕಂಡ್ರೆ ಆತು. ಎದುರಿಗೆ ಬರೋರಿಲ್ದಿದ್ರೆ ಗೆದ್ದಂಗೆ. ಅವರ ಕೈಲಿ ಇನ್ಯಾವ ಜೋಡಿ ಐತೆ? ನಮ್ಮ ಕೈಲಿ ಯಾವುದೈತೆ? ಈ ಸಲ ಒಂದೇ ಜೋಡಿ."

"ನನ್ನ ಕರೆಸಿದ್ದು ಇದಕ್ಕೇನಾ ಯಜಮಾನ್ರೆ?"

"ಇನ್ಯಾತಕ್ಕೆ ಸಾಬ?" ದೊಡ್ಡಪಾಲಯ್ಯನ ದನಿಯಲ್ಲಿ ಕಪಟವಿರಲಿಲ್ಲ. ಅವನೂ ದಣಿದ ಮುದುಕನೇ. "ಆ ಉಣ್ಣೆ ಹೊರೋನ್ನ ನೀನು ಪೈಲ್ವಾನ್ ಮಾಡ್ತೀಯ ಅಂತ ನಂಬಾಕೆ ನನಗೇನು ಹುಚ್ಚಾ? ಒಂದು ಚಿಟಿಕೆ ಮಣ್ಣು ಕೊಡ್ದೆ ಇದ್ರೆ ನಮ್ಮಪ್ಪ ಕಟ್ಟಿಸಿದ ಗರಡಿ ಉಳೀತೈತೆ. ನೀನೂ ಉಳೀತೀಯ."

ಒಳಗೆ ಕ್ಯಾತಪ್ಪ ದಂಡ ಹೊಡೆಯುತ್ತ ಉಸಿರು ಬಿಡುವುದು ಕೇಳಿಸುತ್ತಿತ್ತು.

ಮಾರನೆಯ ದಿನ ಒಣಗಿದ ಕೆರೆಯಂಗಳದಲ್ಲಿ ಕಣದ ಸುತ್ತ ಜನ ಕೂತರು. ಮೊಳಕಾಲ್ಮೂರಿನವರು ಒಂದು ಮಗ್ಗುಲು, ಚಳ್ಳಕೆರೆಯವರು ಒಂದು ಮಗ್ಗುಲು. ಬಿಸಿಲು ಇಳಿಮುಖವಾಗಿತ್ತು. ಯತ್ತಪ್ಪ ಎದ್ದು, ಕಣವನ್ನು ಬಳಸಿಕೊಂಡು ಚಳ್ಳಕೆರೆಯವರ ನಡುವೆ ನಡೆದು ಬಂದ. ಯಾರೂ ದಾರಿ ಬಿಡಲಿಲ್ಲ, ಯಾರೂ ತಡೆಯಲೂ ಇಲ್ಲ. ಅವನು ವಲಿಸಾಬನ ಮುಂದೆ ಮಂಡಿಯೂರಿದ.

"ಮಣ್ಣು ಕೊಡ್ರಿ ಉಸ್ತಾದ್."

ದೊಡ್ಡಪಾಲಯ್ಯ ಕೆಮ್ಮಿದ. ವಲಿಸಾಬನ ಕೈ ತೊಡೆಯ ಮೇಲೇ ಇತ್ತು. ಯತ್ತಪ್ಪ ಅವನ ಮುಖ ನೋಡಿದ, ಆಮೇಲೆ ದೊಡ್ಡಪಾಲಯ್ಯನ ಮುಖ ನೋಡಿದ, ಎಲ್ಲ ತಿಳಿದವನಂತೆ ತಲೆ ತಗ್ಗಿಸಿದ.

"ಕೊಡ್ದಿದ್ರೂ ನಡೀತೈತೆ ಉಸ್ತಾದ್," ಎಂದು ಸಣ್ಣಗೆ ಹೇಳಿದ. "ಹಂಗೇ ವಾಪಸ್ ಹೋಗ್ತೀನಿ. ನಿಮ್ಮನ್ನ ಎರಡನೇ ಸಲ ಊರು ಬಿಡಿಸ್ಬಾರ್ದು ನಾನು."

ವಲಿಸಾಬ ಕಣದಾಚೆ ನೋಡಿದ. ಕ್ಯಾತಪ್ಪ ಲಂಗೋಟಿ ಬಿಗಿದು, ಪಕ್ಕೆಲುಬುಗಳ ಮೇಲೆ ಎಣ್ಣೆ ಹೊಳೆಯುತ್ತ, ಕಲಿಸಿದಂತೆಯೇ ತೂಕವನ್ನು ಹಿಮ್ಮಡಿಗೆ ಇಳಿಸಿಕೊಂಡು, ಬರುವವನಿಗಾಗಿ ಕಾಯುತ್ತ ನಿಂತಿದ್ದ. ಅವನಿಗೆ ಜಗಲಿಯ ಮಾತು ಗೊತ್ತಿರಲಿಲ್ಲ.

ವಲಿಸಾಬ ಬಗ್ಗಿ ಮಣ್ಣು ತೆಗೆದು ಯತ್ತಪ್ಪನ ಹಣೆಗೆ ಹಚ್ಚಿದ. "ಇಳಿ," ಎಂದ. ಆಮೇಲೆ ಕಣ ಸುತ್ತಿ ಹೋಗಿ ಕ್ಯಾತಪ್ಪನಿಗೂ ಹಚ್ಚಿದ.

ಕ್ಯಾತಪ್ಪ ಜನ ಎಣಿಸಿದ್ದಕ್ಕಿಂತ ಬಹಳ ಹೊತ್ತು ನಿಂತ. ಯತ್ತಪ್ಪ ಹಿಡಿದಲ್ಲೆಲ್ಲ ಜಾರಿದ, ಎಳೆದಲ್ಲೆಲ್ಲ ಊರಿದ. ಮೊಳಕಾಲ್ಮೂರಿನ ಕಡೆಯಿಂದ "ಪಟ್ಟುಕೋ ರಾ, ಪಟ್ಟುಕೋ," ಹಿಡಿಯೋ ಹಿಡಿ ಎಂಬ ತೆಲುಗು ಕೂಗು ಮೊದಮೊದಲು ನಗುವಿನಲ್ಲಿ, ಆಮೇಲೆ ಸಿಟ್ಟಿನಲ್ಲಿ ಬಂತು. ಚಳ್ಳಕೆರೆಯವರು ಒಬ್ಬೊಬ್ಬರೇ ಎದ್ದು ನಿಂತರು. ಸೂರ್ಯ ಕೆರೆ ಏರಿಯ ಮೇಲೆ ಒಂದು ಗೇಣು ಉಳಿದಿದ್ದ. ಆಗ ಕ್ಯಾತಪ್ಪನ ಎದೆಯಿಂದ ಆ ಕೊಳಲಿನ ಸದ್ದು ಹೊರಟಿತು. ವಲಿಸಾಬನಿಗೆ ಅದು ಕೂತಲ್ಲಿಗೇ ಕೇಳಿಸಿತು. ಯತ್ತಪ್ಪನಿಗೂ ಕೇಳಿಸಿರಬೇಕು. ಅವನು ಜೋರು ಮಾಡಲಿಲ್ಲ. ಕ್ಯಾತಪ್ಪನ ಸೊಂಟಕ್ಕೆ ಒರಗಿ, ಅವನ ಉಸಿರಿನ ಜೊತೆ ಹೋಗಿ, ಮಗುವನ್ನು ಮಲಗಿಸುವಂತೆ ಬೆನ್ನ ಮೇಲೆ ಮಲಗಿಸಿದ.

ಸದ್ದೇ ಬರಲಿಲ್ಲ.

"ಮೊಳಕಾಲ್ಮೂರಿನ ಉಪ್ಪಿನ ರುಚಿ ಹೋಗಿಲ್ಲ ಸಾಬಂಗೆ," ಎಂದು ಯಾರೋ ಅಂದರು. ಇನ್ನೊಬ್ಬ ಉಗಿದ. ದೊಡ್ಡಪಾಲಯ್ಯ ವಲಿಸಾಬನ ಮುಂದೆ ಬಂದು ನಿಂತ. ಬೈಯುತ್ತಾನೆಂದು ಜನ ಕಾದರು. ಅವನು, "ಒಂದು ಚಿಟಿಕೆ," ಎಂದಷ್ಟೇ ಹೇಳಿ, ಕೋಲೂರಿಕೊಂಡು ಏರಿ ಹತ್ತಿ ಹೋದ.

ಕ್ಯಾತಪ್ಪನಿಗೆ ಜಗಲಿಯ ಮಾತು ತಿಳಿದದ್ದು ದಾರಿಯಲ್ಲಿ, ಜನರ ಬಾಯಿಂದ. ಗರಡಿಯ ಬಾಗಿಲಿಗೆ ಬಂದ ಮೇಲೆ ವಲಿಸಾಬನ ಕಡೆ ತಿರುಗಿದ.

"ಅವನಿಗೆ ಕೊಡ್ದೆ ಇದ್ದಿದ್ರೆ ನಾನು ಗೆಲ್ತಿದ್ದೆ."

"ಹೂಂ."

"ಗರಡಿ ಇರ್ತಿತ್ತು."

"ಇರ್ತಿತ್ತು."

"ಮತ್ತೆ ಯಾಕ್ರಿ ಕೊಟ್ರಿ?"

"ಹಂಗೆ ಉಳ್ಕಂಡ ಗರಡಿಯಾಗೆ ನಾಳೆ ನಿನಗೆ ಏನಂತ ಹೇಳ್ಕೊಡ್ಲಿ?"

ಕ್ಯಾತಪ್ಪನಿಗೆ ಅದು ಸಮಾಧಾನವಾಗಲಿಲ್ಲ. "ಹೊಟ್ಟೆ ತುಂಬಿದೋರ ಮಾತು ಇದು," ಎಂದ. ವಲಿಸಾಬ ಇಲ್ಲವೆನ್ನಲಿಲ್ಲ. ಹುಡುಗ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಅವನು ಆಮೇಲೆ ಮದರ್ ಬೀಯನ್ನು ಕೇಳಿದನಂತೆ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು.

ಮೊಳಕಾಲ್ಮೂರಿಗೆ ಹಿಂದಿರುಗುವ ದಾರಿಯೂ ಇರಲಿಲ್ಲ. ಯತ್ತಪ್ಪ ಬಂದು ಕರೆದ, ಆದರೆ ಅಲ್ಲಿನ ಹಿರಿಯರು ಬೇರೆ ಊರಿನ ವೀಳ್ಯ ತಿಂದು ಹೋದವನನ್ನು ಮತ್ತೆ ಕೂರಿಸುವುದಿಲ್ಲ ಎಂದಿದ್ದರು. ಅದೂ ಕಟ್ಟಳೆಯೇ. ವಲಿಸಾಬ ಚಳ್ಳಕೆರೆಯಲ್ಲೇ ಉಳಿದ, ಗಾಡಿಯವರು ಬಂದರೆ ಲಾಳ ಕಟ್ಟುವವನಾಗಿ. ಉಸ್ತಾದ್ ಎಂದು ಅವನನ್ನು ಮತ್ತೆ ಯಾರೂ ಕರೆಯಲಿಲ್ಲ.

ದೀಪಾವಳಿಯ ಮುಂಚೆ ಕಂಬಳಿ ವ್ಯಾಪಾರದವರು ಗರಡಿಗೆ ಬಂದರು. ಮಣ್ಣನ್ನು ತೆಗೆಸಲಿಲ್ಲ, ಅದರ ಮೇಲೆ ಹಲಗೆ ಹಾಸಿದರು. ಮೂಟೆ ಹೊರಲು ಬಂದವನು ಕ್ಯಾತಪ್ಪನೇ, ಅವನ ಕೂಲಿ ಅದು. ವಲಿಸಾಬ ಬೀದಿಯ ಆಚೆ ಬದಿಯಲ್ಲಿ ಕೂತು ನೋಡಿದ. ಮೊದಲ ಮೂಟೆಯ ಹೊತ್ತಿಗೆ ಕ್ಯಾತಪ್ಪ ಹೊಸ್ತಿಲ ಹೊರಗೆ ಮೆಟ್ಟು ಬಿಟ್ಟು, ಬೆನ್ನ ಮೇಲಿನ ಭಾರದಲ್ಲೇ ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಂಡ. "ಏನ್ಲೇ ಅದು, ಬ್ಯಾಗ ಬ್ಯಾಗ ಬಾ," ಎಂದು ಒಳಗಿನಿಂದ ಯಾರೋ ಗದರಿದರು. ಎರಡನೆಯ ಮೂಟೆಗೆ ಮೆಟ್ಟು ಬಿಟ್ಟ, ಬಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಮೆಟ್ಟು ಹಾಕಿಕೊಂಡೇ ಒಳಗೆ ಹೋಗಿ ಬರುತ್ತಿದ್ದ.