ನಿಂಬೆ ಬೇಲಿಗೆ ಅಡ್ಡ ಕೂತವಳು

ರೇಷ್ಮೆ ಸೀಮೆಯಲ್ಲಿ ಚಿಟ್ಟೆಗೆ ಮರ್ಯಾದೆ ಕಡಿಮೆ. ಗೂಡು ಕೊರೆದು ಚಿಟ್ಟೆ ಹೊರಬಂತೆಂದರೆ ನೂಲು ಹಾಳು. ಅದಕ್ಕೇ ಒಳಗಿನದು ರೆಕ್ಕೆ ಬಿಚ್ಚುವ ಮೊದಲೇ ಗೂಡನ್ನು ಬೇಯಿಸಿಬಿಡುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ, ಚಿಟ್ಟೆ ಹೊರಬರುವುದನ್ನೇ ನೋಡಬೇಕು, ಫೋಟೊ ತೆಗೆಯಬೇಕು ಎಂದು ಹಟ ಹಿಡಿದವಳನ್ನು ಊರವರು ಏನೆಂದು ಕರೆದಾರು? ಪಿಚ್ಚಿದಿ ಅಂದರು. ಹುಚ್ಚಿಗೆ ತೆಲುಗಿನಲ್ಲಿ ಹಾಗನ್ನುತ್ತಾರೆ. ಅಮೃತ ಅದನ್ನು ಎರಡೂ ಭಾಷೆಯಲ್ಲಿ ಕೇಳಿಸಿಕೊಂಡಳು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಳು, ಹೊರಟಳು.

ಅವಳ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದದ್ದು. ಮನೆ ಊರಾಚೆಯ ಕಾಲೊನಿಯಲ್ಲಿ. ಓದಿಸಿ, ಗೌರಿಬಿದನೂರಿನ ಕಡೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಒಂದು ಸಲ ಕೈಯೆತ್ತಿದ. ಎರಡನೇ ಸಲ ಎತ್ತುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ವಾಪಸು ಬಂದು ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಟೈಪಿಸ್ಟಾದಳು. ಇನ್ನಾದರೂ ಬೋಳು ಕಿವಿಗೆ ಒಂದು ಜೊತೆ ಓಲೆ ಮಾಡಿಸಿಕೋ ಎಂದು ತಾಯಿ ಅನಸೂಯಮ್ಮ ಹೇಳಿದರೆ, ಅವಳು ಡಿಜಿಟಲ್ ಕ್ಯಾಮೆರಾ ತಂದಳು. ಅನಸೂಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದನ್ನ ಕಿವಿಗೆ ಹಾಕ್ಕೊಳಕ್ಕಾಗುತ್ತಾ?' ಎಂದು ಕೇಳಿದ್ದು ಕಾಲೊನಿಯಲ್ಲೆಲ್ಲ ಹಬ್ಬಿತು.

ಎರಡು ಸಾವಿರದ ಎಂಟರ ಬೇಸಗೆ ಆಗಷ್ಟೇ ಶುರುವಾಗಿತ್ತು. ಯುಗಾದಿ ಕಳೆದಿತ್ತು, ಹೊಂಗೆಯ ಹೂವು ದಾರಿಯುದ್ದಕ್ಕೂ ಉದುರುತ್ತಿತ್ತು. ಭಾನುವಾರ ಬಿಸಿಲೇರುವ ಮುಂಚೆ ಅಮೃತ ಬಂಡಿದಾರಿಯಲ್ಲಿರುತ್ತಿದ್ದಳು. ಕ್ಯಾಮೆರಾದ ತಿರುಗುಗುಂಡಿಯನ್ನು ತೀರಾ ಹತ್ತಿರದ ಫೋಟೊಗೆಂದಿರುವ ಹೂವಿನ ಗುರುತಿಗೆ ತಿರುಗಿಸಿ, ಮಣ್ಣಿನಲ್ಲಿ ಮೊಣಕೈಯೂರಿ ಮಲಗಿ, ಉಸಿರು ಬಿಗಿಹಿಡಿದು ಕಾಯುವುದು ಅವಳ ರೀತಿ. ಎಕ್ಕದ ಗಿಡಕ್ಕೆ ಬರುವ ಕೇಸರಿ ಚಿಟ್ಟೆ, ಹುಲ್ಲಿನಲ್ಲಿ ಬೆರಳುಗುರಿನಷ್ಟೇ ಇರುವ ನೀಲಿ ಚಿಟ್ಟೆ, ಎಲ್ಲದಕ್ಕೂ ಹಾಗೇ. ದಾರಿಹೋಕರು ನಿಂತು ನೋಡುತ್ತಿದ್ದರು. ಸರ್ವೆಯವಳು, ಈ ಕಡೆ ಹೊಸ ರಸ್ತೆ ಬರುತ್ತದೆ ಎಂದು ಒಂದಿಬ್ಬರು ಒಳಗೊಳಗೇ ಖುಷಿಪಟ್ಟರು. ಚಿಟ್ಟೆಯ ಫೋಟೊ ಎಂದು ತಿಳಿದ ಮೇಲೆ ಅವರಿಗೆ ಅವಳ ಮೇಲೆ ಸಿಟ್ಟೇ ಬಂತು.

ಬಂಡಿದಾರಿಯ ಒಂದು ಮಗ್ಗುಲಿಗೆ ವೆಂಕಟರವಣಪ್ಪನ ಹಿಪ್ಪುನೇರಳೆ ತೋಟ. ಊರಿನ ದೊಡ್ಡ ಕುಳ ಅವನು. ಅಮೃತಳ ಅಪ್ಪ ಆವುಲಪ್ಪ ಮೀಸೆ ಮೂಡುವ ಮುಂಚಿನಿಂದ ಆ ತೋಟದಲ್ಲಿ ಸೊಪ್ಪು ಕೊಯ್ಯುವ ಆಳು. ತೋಟಕ್ಕೆ ದಾರಿಯ ಕಡೆ ನಿಂಬೆ ಗಿಡಗಳ ಹಳೇ ಬೇಲಿಯಿತ್ತು. ಆ ಬೇಲಿಯಲ್ಲಿ ನಿಂಬೆ ಚಿಟ್ಟೆಯ ಹುಳುಗಳಿದ್ದವು. ಮುಟ್ಟಿದರೆ ಕೆಂಪು ಕೋಡು ಚಾಚಿ ಹೆದರಿಸುವ ಈ ಹುಳುಗಳನ್ನು ಕಂಡರೆ ಅಮೃತಳಿಗೆ ಅಭಿಮಾನ. ಅವುಗಳಲ್ಲೊಂದು ದಾರಿಗೆ ಬಾಗಿದ ಕಡ್ಡಿಯ ಮೇಲೆ ಸೊಂಟಕ್ಕೊಂದು ರೇಷ್ಮೆ ಎಳೆ ಬಿಗಿದುಕೊಂಡು ಕೋಶವಾಗಿ ಕೂತಿತ್ತು. ಕೋಶ ಒಡೆದು ಚಿಟ್ಟೆ ಬರುವುದನ್ನು ಅವಳು ಈವರೆಗೆ ಒಮ್ಮೆಯೂ ಕಂಡಿರಲಿಲ್ಲ. ಒಂದನ್ನು ಇರುವೆ ತಿಂದಿತ್ತು, ಒಂದನ್ನು ಹಕ್ಕಿ ಹೊತ್ತೊಯ್ದಿತ್ತು, ಇನ್ನೊಂದು ಅವಳು ಕಚೇರಿಯಲ್ಲಿ ಟೈಪು ಕುಟ್ಟುತ್ತಿದ್ದಾಗ ಒಡೆದು ಹಾರಿಹೋಗಿತ್ತು. ಇದನ್ನು ಮಾತ್ರ ತಪ್ಪಿಸಿಕೊಳ್ಳಬಾರದು ಎಂದು ತೀರ್ಮಾನಿಸಿಬಿಟ್ಟಿದ್ದಳು.

ಅದೇ ಹೊತ್ತಿಗೆ ವೆಂಕಟರವಣಪ್ಪನ ಹುಳುಮನೆಯಲ್ಲಿ ಹಾಲುತೊಂಡೆ ರೋಗ ಬಂತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಊದಿಕೊಂಡು, ಮೈಯಿಂದ ಹಾಲಿನಂಥ ರಸ ಸೋರಿ ಸತ್ತವು. ಸೆಕೆ ಹೆಚ್ಚಾದರೆ ಬರುವ ರೋಗ ಅದು, ಎಲ್ಲರ ಮನೆಗೂ ಬರುತ್ತದೆ. ಆದರೆ ಸೆಕೆಯನ್ನು ಕರೆದು ನಿಲ್ಲಿಸಿ ಬೈಯುವುದಕ್ಕಾಗುತ್ತದೆಯೇ? ಹುಳುಮನೆಗೆ ಹೊರಗಿನವರ ಕಾಲು ಬೀಳಬಾರದು, ಬೆಳಕು ಹರಿಯಬಾರದು ಎಂದು ಕಿಟಕಿಗೆ ಗೋಣಿ ಕಟ್ಟುವ ಜನ. ಅವರಲ್ಲೇ ಯಾರೋ ಪತ್ತೆ ಹಚ್ಚಿದರು: ಆವುಲಪ್ಪನ ಮಗಳ ಕ್ಯಾಮೆರಾ ಮಿಂಚು ಹೊಡೆಯುತ್ತದೆ! ಆ ಮಿಂಚು ಬೇಲಿ ದಾಟಿ, ತೋಟ ದಾಟಿ, ಗೋಣಿಯನ್ನೂ ದಾಟಿ ಹುಳದ ಮೈ ಹೊಕ್ಕಿತಂತೆ. ರೆಕ್ಕೆಯ ಬಣ್ಣ ಬಿಳಿಚಿಕೊಳ್ಳುತ್ತದೆಂದು ಅಮೃತ ಒಂದು ದಿನವೂ ಫ್ಲಾಶ್ ಹಾಕಿದವಳಲ್ಲ. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಕಾಲೊನಿಯ ಹೆಣ್ಣು ತನ್ನ ತೋಟದ ಮುಂದೆ ಸ್ವಂತ ಅಂಗಳವೆಂಬಂತೆ ಕಾಲು ಚಾಚಿ ಮಲಗುತ್ತಾಳೆ ಎಂಬುದು ವೆಂಕಟರವಣಪ್ಪನಿಗೆ ಮೊದಲೇ ಕಣ್ಣು ಚುಚ್ಚುತ್ತಿತ್ತು. ಈಗ ಕಾರಣ ಸಿಕ್ಕಿತು.

ಶನಿವಾರ ಸಂಜೆ ಆವುಲಪ್ಪ ಮನೆಗೆ ಬಂದು, ಮಗಳ ಮುಖ ನೋಡದೆ ಹೇಳಿದ.

'ನಾಳೆ ಬೇಲಿ ಕಡೀಬೇಕಂತಮ್ಮ. ಬೇಲಿ ಇಲ್ದಿದ್ರೆ ನೀನು ಆ ಕಡೆ ಬರಲ್ಲ ಅಂತ. ನಾನೇ ಕಡೀಬೇಕಂತೆ.'

ಅಮೃತ ಅದೇ ತಾನೇ ಬೇಲಿಯಿಂದ ಬಂದಿದ್ದಳು. ಕೋಶ ಕಪ್ಪಿಟ್ಟು, ಸಿಪ್ಪೆಯೊಳಗೆ ರೆಕ್ಕೆಯ ಗೆರೆಗಳು ಕಾಣುತ್ತಿದ್ದವು. ಬೆಳಗಾದರೆ ಒಡೆಯುತ್ತಿತ್ತು.

'ಮಧ್ಯಾಹ್ನದ ಮೇಲೆ ಕಡೀಬಹುದಲ್ಲಪ್ಪ?'

'ಬೆಳಿಗ್ಗೇನೇ ಅಂದವ್ರೆ. ಆ ಕಡ್ಡಿ ಮುರ್ಕೊಂಡು ಮನೆಗೆ ತಂದಿಟ್ಕೊಂಡ್ಬಿಡಮ್ಮ. ಇಲ್ಲೇ ತಕ್ಕೋ ಫೋಟೊನ.'

'ಯಾಕೆ ತರ್ಲಿ? ಬೇಲಿ ಅವ್ರದ್ದು, ಒಪ್ತೀನಿ. ದಾರಿ ಅವ್ರದ್ದಾ? ನಾನು ಕೂರೋದು ದಾರೀಲಿ. ಇವತ್ತು ಕಡ್ಡಿ ಎತ್ಕೊಂಡು ಬಂದ್ರೆ ನಾಳೆ ಆ ಕಡೆ ತಲೆ ಹಾಕ್ಬೇಡ ಅಂತಾರೆ.'

'ಒಂದು ಚಿಟ್ಟೆಗೋಸ್ಕರ ನಿಮ್ಮಪ್ಪನ ಅನ್ನಕ್ಕೆ ಕಲ್ಲು ಹಾಕ್ತೀಯೇನೇ?' ಎಂದು ಅನಸೂಯಮ್ಮ ಒಲೆಯ ಮುಂದಿನಿಂದಲೇ ರೇಗಿದಳು. ಆ ಮಾತು ಅಮೃತಳಿಗೆ ನಾಟಿತು. ತಂದೆಯ ಮೇಲೆ ಮರುಕ, ತಂದೆಯ ಕೈಗೇ ಮಚ್ಚು ಕೊಟ್ಟವನ ಮೇಲೆ ಕಿಚ್ಚು, ಎರಡೂ ಒಟ್ಟಿಗೇ ಉಕ್ಕಿದವು. ಆದರೆ ಮಾತು ಬದಲಿಸಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಅವಳು ಬೇಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆವುಲಪ್ಪ ಮಚ್ಚು ಹಿಡಿದು ಬಂದ. ಅವನು ಬೇಲಿಯ ಆಚೆ ತುದಿಯಿಂದ ಶುರುಮಾಡಿದ. ಅಷ್ಟು ನಿಧಾನವಾಗಿ ಅವನು ಜನ್ಮದಲ್ಲಿ ಕೆಲಸ ಮಾಡಿದವನಲ್ಲ. ಒಂದು ಗಿಡ ಕಡಿದರೆ ಒಂದು ಬೀಡಿ. ಆದರೂ ಗಿಡಗಳು ಒಂದೊಂದೇ ಉರುಳಿ, ಮಚ್ಚಿನ ಸದ್ದು ಹತ್ತಿರವಾಯಿತು. ಏಟು ಬಿದ್ದಾಗಲೆಲ್ಲ ಕೋಶವಿದ್ದ ಕಡ್ಡಿ ಅದುರುತ್ತಿತ್ತು.

ಪಕ್ಕದ ಗಿಡದ ಬುಡಕ್ಕೆ ಅವನು ಮಚ್ಚೆತ್ತಿದಾಗ ಕೋಶ ಬಿರಿಯಿತು.

'ಅಪ್ಪಾ, ತಡಿ' ಎಂದಳು.

ಮೊದಲು ಕಾಲು, ಆಮೇಲೆ ತಲೆ, ಆಮೇಲೆ ಒದ್ದೆ ಬಟ್ಟೆಯ ಹಾಗೆ ಮುದುರಿದ ರೆಕ್ಕೆ. ಚಿಟ್ಟೆ ಖಾಲಿ ಸಿಪ್ಪೆಗೇ ಜೋತುಬಿದ್ದು ರೆಕ್ಕೆ ಇಳಿಬಿಟ್ಟಿತು. ಅಮೃತ ಬಟನ್ ಒತ್ತುತ್ತಲೇ ಇದ್ದಳು, ಕಣ್ಣಲ್ಲಿ ನೀರು ಬಂದು ಪರದೆ ಮಂಜಾದರೂ ಒತ್ತುತ್ತಿದ್ದಳು. ಆವುಲಪ್ಪ ಮಚ್ಚು ಇಳಿಸಿ ಅವಳ ಹಿಂದೆ ಬಂದು ಬಗ್ಗಿ ನೋಡಿದ.

'ಇಷ್ಟು ವರ್ಷ ಹುಳ ಮೇಯಿಸಿದೀನಿ. ಹಿಂಗೆ ಆಚೆ ಬರೋದನ್ನ ಒಂದಿನ ನೋಡಿಲ್ಲ ಕಣಮ್ಮ' ಎಂದ. 'ಹಾರುತ್ತಾ ಈಗ?'

'ಇಲ್ಲಪ್ಪ. ರೆಕ್ಕೆ ಒಣಗ್ಬೇಕು. ಈಗ ಕಡ್ಡಿ ಬಿದ್ರೆ ಅದು ಇನ್ಯಾವತ್ತೂ ಹಾರಲ್ಲ.'

ವೆಂಕಟರವಣಪ್ಪ ಬಂದದ್ದು ಆಗಲೇ. ಅರ್ಧ ಉಳಿದ ಬೇಲಿಯನ್ನು ನೋಡಿ, ತೋಟದ ಅಂಚಿನಿಂದಲೇ ಕೂಗಿದ: 'ಏಮ್ರಾ ಆವುಲಾ, ಇಂಕಾ ಕಾಲೇದಾ?' ಇನ್ನೂ ಆಗಲಿಲ್ಲವೇನೋ ಎಂದು ಗದರುವಾಗ ಅವನಿಗೆ ತೆಲುಗೇ ಬಾಯಿಗೆ ಬರುತ್ತಿತ್ತು.

ಅಮೃತ ಕೂತಲ್ಲಿಂದಲೇ ಹೇಳಿದಳು: 'ವೆಂಕಟರವಣಪ್ಪನವ್ರೆ, ಈ ಕ್ಯಾಮೆರಾದಲ್ಲಿ ನಾನು ಫ್ಲಾಶ್ ಹಾಕಿಲ್ಲ. ಹಾಕಿದ್ರೂ ನಿಮ್ಮ ಹುಳುಮನೆಗೆ ಹೋಗಲ್ಲ. ಈ ಚಿಟ್ಟೆ ಹಾರೋಗಂಟ ನಾನು ಏಳಲ್ಲ.'

ವೆಂಕಟರವಣಪ್ಪ ಅವಳ ಕಡೆ ತಿರುಗಲೂ ಇಲ್ಲ. 'ನಿನ್ನ ಮಗಳನ್ನ ಎಬ್ಬಿಸೋ. ಇಲ್ಲ, ನಾಳೆಯಿಂದ ತೋಟಕ್ಕೆ ಬರ್ಬೇಡ' ಎಂದ.

ಆವುಲಪ್ಪ ಧಣಿಯನ್ನು ನೋಡಿದ, ಮಗಳನ್ನು ನೋಡಿದ, ಕಡ್ಡಿಗೆ ಜೋತ ಚಿಟ್ಟೆಯನ್ನೂ ನೋಡಿದ. ಆ ತೋಟದಲ್ಲಿ ಅವನು ಬುತ್ತಿ ಬಿಚ್ಚಿ ಕೂರುತ್ತಿದ್ದದ್ದೂ ಧಣಿ ಮರೆಯಾದ ಮೇಲೆ. ಧಣಿಯ ಮುಂದೆ ಅವನು ಕೂತದ್ದನ್ನು ಕಂಡವರು ಯಾರೂ ಇರಲಿಲ್ಲ. ಅಂಥವನು ಮಚ್ಚನ್ನು ನೆಲಕ್ಕಿಟ್ಟು, ಪಂಚೆ ಸರಿಮಾಡಿಕೊಂಡು, ಮಗಳ ಪಕ್ಕದಲ್ಲಿ ಕೂತ.

'ಒಣಗ್ಲಿ ಬಿಡಿ ಸ್ವಾಮಿ' ಎಂದ. 'ಒಣಗದ್ಮೇಲೆ ನೋಡಣ.'

ಕೂತೇ ಇದ್ದ. ವೆಂಕಟರವಣಪ್ಪ ಬಾಯಿಗೆ ಬಂದದ್ದೆಲ್ಲ ಬೈದ, ಕೊನೆಗೆ ಬೈಗುಳವೂ ಖಾಲಿಯಾಗಿ ತೋಟದೊಳಕ್ಕೆ ಹೋದ. ಬಿಸಿಲು ಬೇಲಿಯ ಮೇಲೆ ಬಂದಾಗ ಚಿಟ್ಟೆ ಹಾರಿತು. ಅದರ ಫೋಟೊ ಅಮೃತಳ ಹತ್ತಿರ ಇಲ್ಲ. ಆ ಗಳಿಗೆಯಲ್ಲಿ ಅವಳು ಅಪ್ಪನ ಮುಖ ನೋಡುತ್ತಿದ್ದಳು. ಅದಕ್ಕೆ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ.

ಮಾರನೆಯ ದಿನ ಬೇರೆ ಆಳುಗಳು ಬಂದು ಉಳಿದ ಗಿಡಗಳನ್ನೂ ಕಡಿದರು. ಧಣಿ ಹೇಳಿದ್ದ ಹಾಗೆಯೇ ಆವುಲಪ್ಪ ಆ ತೋಟಕ್ಕೆ ಹೋಗಲಿಲ್ಲ. ಸೊಪ್ಪು ಕೊಯ್ಯುವ ಒಳ್ಳೆಯ ಕೈಯನ್ನು ಪಕ್ಕದೂರಿನವರು ಕರೆದುಕೊಂಡರು. ಅನಸೂಯಮ್ಮ ಒಂದು ವಾರ ಮಗಳ ಹತ್ತಿರ ಮಾತು ಬಿಟ್ಟಳು, ಗಂಡನಿಗೆ ಮಾತ್ರ ದಿನಾ ಮುದ್ದೆಯ ಜೊತೆ ತುಪ್ಪ ಹಾಕಿದಳು. ವೆಂಕಟರವಣಪ್ಪನ ಮುಂದಿನ ಬೆಳೆಗೂ ಹಾಲುತೊಂಡೆ ಬಂತು. ಈ ಸಲ ಯಾರ ಕ್ಯಾಮೆರಾ ಎಂದು ಯಾರೂ ಕೇಳಲಿಲ್ಲ.

ಅಮೃತ ಭಾನುವಾರಗಳನ್ನು ಬಿಡಲಿಲ್ಲ. ಬೇಲಿ ಬೋಳಾದ ಆ ಬಂಡಿದಾರಿಗೇ ಹೋಗಿ, ಮಣ್ಣಿನಲ್ಲಿ ಮೊಣಕೈಯೂರಿ ಮಲಗುತ್ತಿದ್ದಳು. ಒಂದು ದಿನ ವೆಂಕಟರವಣಪ್ಪ ಬಂದು ಅವಳ ತಲೆಯ ಹತ್ತಿರ ನಿಂತ. ಇಷ್ಟು ದಿನ ಅಪ್ಪನ ಮೂಲಕ ಮಾತಾಡಿದವನು ಮೊದಲ ಸಲ ಅವಳನ್ನೇ ಕೇಳಿದ.

'ಬೇಲೀನೇ ಇಲ್ಲ, ಹುಳಾನೂ ಇಲ್ಲ. ಇನ್ನೇನಿದೆಯಮ್ಮ ನಿಂಗೆ ಇಲ್ಲಿ?'

'ದಾರಿ ಇದ್ಯಲ್ಲ' ಎಂದಳು ಅಮೃತ. ಮಲಗಿದ್ದಲ್ಲಿಂದ ಏಳಲಿಲ್ಲ.