ಅರ್ಧ ಹೊರಬಂದ ಪಿನ್ನು

ನಮ್ಮ ಮನೆಯಲ್ಲಿ ನನಗೆ ಕಿವಿ ಸಾಹುಕಾರ ಎಂದು ಹೆಸರು. ಇಟ್ಟವಳು ನನ್ನ ಹೆಂಡತಿ. ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದಿಂದ ಮುರುಮಕ್ಕೆ ದಿನಾಲೂ ಬಸ್ಸಿನಲ್ಲಿ ಹೋಗಿ ಬರುವ ಮಾಸ್ತರ. ಕಬ್ಬಿನ ಹಂಗಾಮಿನಲ್ಲಿ ಬಸ್ಸು ಟ್ರ್ಯಾಕ್ಟರುಗಳ ಬೆನ್ನು ಹತ್ತಿ ತೆವಳುತ್ತದೆ. ಆಗ ಹಾಡಿಲ್ಲದಿದ್ದರೆ ನನಗೆ ತಲೆ ಕೆಡುತ್ತದೆ. ಸಂತೆಯಲ್ಲಿ ತಂದ ಇಯರ್‌ಫೋನುಗಳು ಈ ತಿಂಗಳು ಒಂದು ಕಿವಿ, ಮುಂದಿನ ತಿಂಗಳು ಇನ್ನೊಂದು ಕಿವಿ ಎಂದು ಕಂತಿನಲ್ಲಿ ಸಾಯುತ್ತಿದ್ದವು. ಬೇಸತ್ತು ಒಮ್ಮೆ ಹಲ್ಲು ಕಚ್ಚಿ ಒಳ್ಳೆಯದೊಂದನ್ನು ತರಿಸಿದೆ. ತಂತಿಯದು. ಊರೆಲ್ಲ ತಂತಿ ಬಿಟ್ಟಿರುವಾಗ ಇವರೊಬ್ಬರು ತಂತಿ ಹಿಡಿದಾರೆ ಎಂದು ಹೆಂಡತಿ ನಕ್ಕಳು.

ನಾನು ಸುಮ್ಮನಿರಬೇಕಿತ್ತು. ಅವಳಿಗೊಂದು ಪಾಠ ಮಾಡಿದೆ. ಹಾಡಿನ ಫೈಲನ್ನು ಸಣ್ಣದು ಮಾಡುವಾಗ, ಕೇಳುವವರ ಗಮನಕ್ಕೆ ಬರಲಿಕ್ಕಿಲ್ಲ ಎಂದು ಯಂತ್ರ ಲೆಕ್ಕ ಹಾಕಿದ್ದನ್ನೆಲ್ಲ ತೆಗೆದು ಒಗೆಯುತ್ತದೆ. ಸ್ವಲ್ಪ ಒಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಚ್ಚು ಒಗೆದರೆ ತಾಳದ ಸದ್ದು ಎಣ್ಣೆಯಲ್ಲಿ ಸಿಡಿಯುವ ಸಾಸಿವೆಯಂತಾಗುತ್ತದೆ, ಡೊಳ್ಳು ತಗಡಿನ ಡಬ್ಬಿಯಾಗುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಅವಳು, "ಪಾಪ ನೋಡ್ರಿ, ನಿಮ್ಮ ಸಾಲಿ ಹುಡುಗರು," ಎಂದು ರೊಟ್ಟಿ ತಟ್ಟಲು ಹೋದಳು.

ಅವ್ವ ಇದನ್ನೆಲ್ಲ ಕೇಳುತ್ತ ಕೂತಿದ್ದಳು. ಅವಳು ಇರುವುದು ನಮ್ಮ ಜೊತೆಗೇ. ನಮ್ಮದು ವಲಾಂಡಿ ಕಡೆಯ ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿ ಹಾಡುತ್ತಿದ್ದ. ಮುಂದಾಳಾಗಿ ಅಲ್ಲ. ಮುಂದಾಳು ಒಂದು ಸಾಲು ಎತ್ತಿ ಬಿಟ್ಟಾಗ, ಅದರ ಬಾಲ ಹಿಡಿದು ಎಳೆಯುವ ಹಿಮ್ಮೇಳದವರಲ್ಲಿ ಅವನೊಬ್ಬ. ಅವನು ಹೋಗಿ ಕೆಲವು ವರ್ಷಗಳಾದವು. ಫೋಟೋಗಳು ಉಳಿದವು, ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ. ಫೋನಿನಲ್ಲಿ ಮಾತಾಡುವುದಕ್ಕೂ ನಾಚುತ್ತಿದ್ದ ಮನುಷ್ಯ, ದನಿ ಎಲ್ಲಿಂದ ಸಿಗಬೇಕು.

ಹೋದ ಚಳಿಗಾಲದಲ್ಲಿ ನಮ್ಮ ಮಂದಿಯ ವಾಟ್ಸಾಪ್ ಗುಂಪಿಗೆ ಹಳೆಯ ಡೊಳ್ಳಿನ ಪದವೊಂದು ಬಂತು. ನಮ್ಮೂರಿನ ಮೇಳದ್ದೇ. ಅಪ್ಪ ಅದರಲ್ಲಿದ್ದಾನೆಂದು ಎಲ್ಲರೂ ಬರೆದರು. ನಾನು ಓಡಿಹೋಗಿ ಅವ್ವನಿಗೆ ಹಚ್ಚಿ ಕೊಟ್ಟೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೊನೆಯತನಕ ಕೇಳಿದಳು. ಮತ್ತೊಮ್ಮೆ ಕೇಳಿದಳು.

"ನಿಮ್ಮಪ್ಪ ಇದರಾಗ ಇಲ್ಲ," ಅಂದಳು.

"ಅದಾರ ಅವ್ವ. ಮಂದಿ ಹೇಳಲತ್ತಾರಲ್ಲ."

"ಮಂದಿ ಏನರೇ ಹೇಳಲಿ. ಅವರ ದನಿ ನನಗ ಗೊತ್ತಿಲ್ಲೇನು?"

ಅವಳ ಮುಖ ನೋಡಲಾಗಲಿಲ್ಲ. ಆ ಫೈಲು ಎಷ್ಟು ಕೈ ದಾಟಿ, ಎಷ್ಟು ಸಲ ಹಿಂಡಿಸಿಕೊಂಡು ಬಂದಿತ್ತೋ. ಮುಂದಾಳಿನ ದನಿ ಮೂಗಿನಿಂದ ಬಂದಂತಿತ್ತು, ಹಿಮ್ಮೇಳವೆಲ್ಲ ಒಂದೇ ಮುದ್ದೆಯಾಗಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅಪ್ಪನ ದನಿಯನ್ನು ಇವಳಿಗೆ ಕೇಳಿಸದೆ ಬಿಡುವುದಿಲ್ಲ ಎಂದು ಅಂದೇ ಹಟ ಹಿಡಿದೆ.

ವಿಚಾರಿಸಿದಾಗ ತಿಳಿಯಿತು, ಆ ಪದವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡವನು ಉದಗೀರಿನ ಒಬ್ಬ ಕ್ಯಾಸೆಟ್ ಅಂಗಡಿಯವನು. ಹಿಂದೆ ಹಳ್ಳಿಹಳ್ಳಿಗೆ ಯಂತ್ರ ಹೊತ್ತುಕೊಂಡು ಹೋಗಿ, ಮೇಳದ ಎಡಕ್ಕೊಂದು ಬಲಕ್ಕೊಂದು ಮೈಕು ನಿಲ್ಲಿಸಿ, ಡೊಳ್ಳಿನ ಪದ ತುಂಬಿಸಿ ಮಾರುತ್ತಿದ್ದನಂತೆ. ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. ಹಳೆಯ ಕ್ಯಾಸೆಟ್ಟುಗಳನ್ನು ಮಾತ್ರ ಅವನು ಪ್ರೀತಿಯಿಂದ ಕಂಪ್ಯೂಟರಿಗೆ ಇಳಿಸಿಟ್ಟಿದ್ದ. ನಾನು ಕೇಳಿದ್ದೇ ತಡ, "ವಾಟ್ಸಾಪ್‌ಲಾ ಟಾಕತೋ, ಮಾಸ್ತರ್. ಘರೀ ಜಾ ನಿವಾಂತ," ಎಂದ. ವಾಟ್ಸಾಪಿಗೆ ಹಾಕುತ್ತೇನೆ, ಆರಾಮಾಗಿ ಮನೆಗೆ ಹೋಗಿ ಎಂಬ ಅವನ ಉಪಕಾರಕ್ಕೆ ನಾನು ಕೈಮುಗಿದೆ.

"ವಾಟ್ಸಾಪ್ ಬ್ಯಾಡ್ರೀ. ಇದ್ದದ್ದು ಇದ್ದಾಂಗ ಪೆನ್‌ಡ್ರೈವಿಗಿ ಹಾಕ್ರಿ. ಸಣ್ಣದು ಮಾಡಬ್ಯಾಡ್ರಿ."

ಅವನು ನನ್ನನ್ನು ಒಂದು ಥರ ನೋಡಿದ. ಆದರೆ ಹಾಕಿಕೊಟ್ಟ.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ, ನನ್ನ ಒಳ್ಳೆಯ ಇಯರ್‌ಫೋನನ್ನು ಅವ್ವನ ಎರಡೂ ಕಿವಿಗೆ ಸಿಕ್ಕಿಸಿದೆ. ಮೊದಲು ನಾನೇ ಕೇಳಿ ನೋಡಿದ್ದೆ. ಡೊಳ್ಳು ಎದೆಗೆ ತಾಕುತ್ತಿತ್ತು. ತಾಳ ಹೊಡೆದ ಮೇಲೆ ಅದರ ನಾದ ಕರಗುವತನಕ ಕೇಳುತ್ತಿತ್ತು. ಎಡಗಿವಿಯ ಕಡೆ ಅಪ್ಪನ ದನಿಯ ನೆರಳು ಇದ್ದಂತೆಯೂ ಅನಿಸಿತ್ತು, ಆಣೆ ಮಾಡಿ ಹೇಳಲಾರೆ. ಅವ್ವ ಕಣ್ಣು ಮುಚ್ಚಿ ಕೇಳಿದಳು.

"ಡೊಳ್ಳು ಛಲೋ ಬಂದದ," ಅಂದಳು. ಸ್ವಲ್ಪ ಹೊತ್ತಿನ ನಂತರ, "ಅವರಿಲ್ಲ," ಅಂದಳು.

ನನ್ನ ದುಡ್ಡಿನ ಇಯರ್‌ಫೋನು, ಉದಗೀರಿನ ಓಡಾಟ, ಹೆಂಡತಿಗೆ ಮಾಡಿದ ಪಾಠ ಎಲ್ಲ ನೀರಿಗೆ ಹೋದವು ಎನ್ನಿಸಿತು. ಅವ್ವ ನಿಟ್ಟುಸಿರು ಬಿಟ್ಟು, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಂತಿ ಸೆರಗಿಗೆ ಸಿಕ್ಕು ಜಗ್ಗಿತು. ಫೋನಿಗೆ ಚುಚ್ಚಿದ್ದ ಪಿನ್ನು ಅರ್ಧ ಹೊರಗೆ ಬಂತು.

ಅವ್ವನ ಕೈ ಸೆರಗಿನ ಮೇಲೆಯೇ ನಿಂತಿತು. "ಬಂದ್ರು," ಅಂದಳು.

ಪಿನ್ನು ಕಿತ್ತುಬಂದದ್ದನ್ನು ನೋಡಿ ನಾನು ಅಭ್ಯಾಸದಿಂದ ಅದನ್ನು ಒಳಗೆ ಒತ್ತಿದೆ. ಅವ್ವ ನನ್ನ ಕೈಮೇಲೆ ಫಟ್ಟನೆ ಹೊಡೆದಳು. "ಯಾಕ ಕಳಿಸ್ದಿ ಅವರ್ನ?"

ಪಿನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು, ಇಯರ್‌ಫೋನಿನ ಒಂದು ಗುಂಡಿಯನ್ನು ನನ್ನ ಕಿವಿಗೂ ಇಟ್ಟುಕೊಂಡೆ. ಮುಂದಾಳು ಇರಲಿಲ್ಲ. ಡೊಳ್ಳು ಎಲ್ಲೋ ದೂರದ ಓಣಿಗೆ ಹೋಗಿತ್ತು. ಖಾಲಿಯಾದ ಆ ಜಾಗದಲ್ಲಿ ಸ್ವಲ್ಪ ಒಡಕು, ಸ್ವಲ್ಪ ನಾಚಿಕೆಯ ಒಂದು ದನಿ ಸಾಲಿನ ಬಾಲ ಹಿಡಿದು ಎಳೆಯುತ್ತಿತ್ತು. ನಾನು ಅತ್ತೆ. ಮಾಸ್ತರರು ಅಳಬಾರದೆಂದು ಎಲ್ಲೂ ಬರೆದಿಲ್ಲ.

ಆಗಿದ್ದು ಇಷ್ಟು. ಪಿನ್ನು ಪೂರ್ತಿ ಕೂಡದಿದ್ದರೆ ಎಡದ ಸದ್ದಿನಿಂದ ಬಲದ ಸದ್ದನ್ನು ಲೆಕ್ಕದಲ್ಲಿ ಕಳೆದಂತಾಗಿ, ಉಳಿದದ್ದಷ್ಟೇ ಕೇಳುತ್ತದೆ. ನಡುವೆ ಕೂತವರ ದನಿ ಎರಡೂ ಮೈಕಿಗೆ ಸಮನಾಗಿ ಹೋಗಿರುತ್ತದೆ, ಹಾಗಾಗಿ ಅದು ಅಳಿಸಿಹೋಗುತ್ತದೆ. ಒಂದೇ ಬದಿಗೆ ಕೂತವರು ಮಾತ್ರ ಉಳಿಯುತ್ತಾರೆ. ಹಟಕ್ಕೆ ಬಿದ್ದು ವಾಟ್ಸಾಪಿನ ಫೈಲನ್ನೂ ಹಾಗೆಯೇ ಹಚ್ಚಿ ನೋಡಿದೆ. ಏನೂ ಇಲ್ಲ, ಬರೀ ಮೌನ. ಅದನ್ನು ಸಣ್ಣದು ಮಾಡುವಾಗ ಯಾರೋ ಎಡ ಬಲ ಎರಡನ್ನೂ ಕಲಸಿ ಒಂದು ಮಾಡಿದ್ದರು. ಹಾಗೆ ಕಲಸುವಾಗ ಕಳೆದುಹೋದದ್ದರಲ್ಲಿ ನಮ್ಮಪ್ಪನೂ ಇದ್ದ.

ಇದನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅವರು ಯಾವಾಗ್ಲೂ ಕಡೀಕ ಕೂಡ್ತಿದ್ರು," ಅಂದಳು. ನನಗೂ ನೆನಪಾಯಿತು. ಮೇಳ ಕೂಡುವಾಗ ಗುಡಿಯ ಪಕ್ಕದಲ್ಲೇ ಕುರಿಗಳನ್ನು ತರುಬಿ ನಿಲ್ಲಿಸಿರುತ್ತಿದ್ದರು. ಹಾಡುವವರಲ್ಲೇ ಒಬ್ಬರು ಅತ್ತ ಮುಖ ಮಾಡಿ ತುದಿಯಲ್ಲಿ ಕೂಡಬೇಕು. ಕುರಿ ಬೆದರಿದರೆ ಯಾರನ್ನೂ ಕೇಳದೆ ಎದ್ದು ಹೋಗಿ, ನೋಡಿ ಬಂದು, ಮತ್ತೆ ದನಿಗೂಡಿಸಬೇಕು. ಹಾಡು ಅವರಿಗಾಗಿ ನಿಲ್ಲುವುದಿಲ್ಲ. ಆ ಜಾಗವನ್ನು ಅಪ್ಪ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಅವ್ವನಿಗೆ ಇದೇ ಕೆಲಸ. ಪಿನ್ನು ಹಿಡಿಯುವ ಹದ ನನಗಿಂತ ಅವಳ ಬೆರಳಿಗೆ ಚೆನ್ನಾಗಿ ಗೊತ್ತು. ಹೋದ ರವಿವಾರ ನನಗೂ ಒಂದು ಗುಂಡಿ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಂಡಳು. ಬಾಗಿಲಲ್ಲಿ ಹೆಂಡತಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಪದ ಅರ್ಧ ದಾಟಿದಾಗ ಅಪ್ಪನ ದನಿ ಒಮ್ಮೆಲೆ ನಿಂತುಹೋಯಿತು. ಮೊದಲ ದಿನ ನಾನು ಇಷ್ಟು ದೂರದವರೆಗೆ ಕೇಳಿರಲೇ ಇಲ್ಲ. ಪಿನ್ನು ಅಲ್ಲಾಡಿತೇನೋ ಎಂದು ನಾನು ಕೈ ಚಾಚಿದೆ. ಅವ್ವ ಹಿಡಿದಳು.

"ಮುಟ್ಟಬ್ಯಾಡ. ಕುರಿ ನೋಡ್ಲಕ ಎದ್ದಾರ."

ದೂರದ ಡೊಳ್ಳನ್ನೇ ಕೇಳುತ್ತ ಕಾದೆವು. ಒಂದು ನುಡಿ ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಒಂದು ಸಾಲಿನ ಕೊನೆಗೆ, ಸ್ವಲ್ಪ ಏದುಸಿರಿನಲ್ಲಿ, ಅಪ್ಪನ ದನಿ ಮತ್ತೆ ಕೂಡಿಕೊಂಡಿತು. ಅವ್ವ ಕಣ್ಣು ತೆರೆಯಲಿಲ್ಲ. ಚಾಪೆಯ ಮೇಲೆ ನನ್ನ ಕಡೆಗೆ ಒಂದಿಷ್ಟು ಸರಿದು, ತುದಿಯಲ್ಲಿ ಒಬ್ಬರು ಕೂಡುವಷ್ಟು ಜಾಗ ಮಾಡಿದಳು.