ಆತೆ ಅಂದರೆ ಅತ್ತೆಯಲ್ಲ

ಪಕ್ಕದ ಮನೆಯಾಕೆ ಯಾವುದನ್ನೂ ಬೆರಳು ಮಾಡಿ ತೋರಿಸಿದವಳಲ್ಲ. ತುಟಿ ಎರಡನ್ನೂ ಮುಂದೆ ಚಾಚಿ, ಗದ್ದ ಸ್ವಲ್ಪ ಎತ್ತಿ, ತೋರಿಸಬೇಕಾದ ಕಡೆ ಒಮ್ಮೆ ದೂಡುತ್ತಿದ್ದಳು. ಉಪ್ಪಿನ ಡಬ್ಬಿ, ಬಸ್ ಸ್ಟಾಪು, ಆಕಾಶದ ವಿಮಾನ, ಎಲ್ಲಕ್ಕೂ ಅದೇ ತುಟಿ. ಮೊದಲ ಸಲ ನೋಡಿದಾಗ, ಇದೇನವ್ವಾ, ಈಕೆ ನನ್ನ ಗಂಡನಿಗೆ ಮುತ್ತು ಒಗೀತಾಳಲ್ಲ ಅಂತ ನನ್ನ ಎದೆ ಧಸಕ್ಕೆಂದಿತ್ತು. ಪಾಪ, ಆಕೆ ತೋರಿಸಿದ್ದು ನಮ್ಮ ಕಸದ ಬಿನ್ನು ರಸ್ತೆಗೆ ಉರುಳಿದ್ದನ್ನು.

ತೊಂಬತ್ತರ ದಶಕದಲ್ಲಿ ನಾವು ಲಂಡನ್ನಿನ ಗ್ರೀನ್‌ಫರ್ಡಿಗೆ ಬಂದಾಗ ಆಕೆ ಅಲ್ಲಿ ಆಗಲೇ ಹಳಬಳು. ಫಿಲಿಪೈನ್ಸಿನಿಂದ ಬಂದ ನರ್ಸು, ಒಂಟಿ ಜೀವ. ಎರಡೂ ಮನೆಗೆ ಒಂದೇ ಗೋಡೆ. ಒಣಮೀನು ಕರಿಯುವ ಮೊದಲು ಫೋನ್ ಮಾಡಿ ಎಚ್ಚರಿಸುವಳು: “ಆತೆ, ಕಿಟಕಿ ಹಾಕ್ಕೊ, ಮೀನು ಎಣ್ಣಿಗೆ ಬಿಡ್ಲಿಕತ್ತೀನಿ.” ಆಕೆ ಆಡುತ್ತಿದ್ದುದು ಇಂಗ್ಲಿಷು. ಆದರೆ ಅದು ನನ್ನ ತಲೆಯಲ್ಲಿ ಧಾರವಾಡದ ಮಾತಾಗಿಯೇ ಕೂತುಬಿಟ್ಟಿದೆ, ಹಾಗೇ ಬರೆಯುತ್ತೇನೆ.

ಈ ‘ಆತೆ’ಯ ಮೇಲೆ ಒಂದು ಜಗಳವೇ ಆಗಿತ್ತು. ನನಗಿನ್ನೂ ತಲೆತುಂಬ ಕರಿಕೂದಲಿದ್ದ ಕಾಲ, ಈಕೆ ನೋಡಿದರೆ ಬೇಲಿಯಾಚೆಯಿಂದ ಅತ್ತೆ ಅಂತಾಳೆ! “ನಾ ಯಾರಿಗೂ ಅತ್ತಿ ಅಲ್ಲ, ಆಗೂದು ಇನ್ನೂ ದೂರದ” ಅಂತ ಮುಖಕ್ಕೆ ಹೊಡೆದಂತೆ ಹೇಳಿದೆ. ಆಕೆ ಕಣ್ಣು ಪಿಳಿಪಿಳಿ ಮಾಡಿದಳು. ಅವರ ಭಾಷೆಯಲ್ಲಿ ಆತೆ ಅಂದರೆ ಅಕ್ಕನಂತೆ. ಅದಕ್ಕೂ ನಾನು ಬಿಡಲಿಲ್ಲ, “ನಿನಗಿಂತ ನಾನೇ ಸಣ್ಣಾಕಿ” ಅಂದೆ. “ವಯಸ್ಸಿಗೆ ಯಾರು ಕರೀತಾರ? ಮರ್ಯಾದಿಗೆ” ಅಂದಳು.

ಆಕೆಗೆ ಇದ್ದ ಒಂದೇ ಹುಚ್ಚು ಅಂದರೆ ತನ್ನ ದೇಶದ ಒಬ್ಬ ಹಳೇ ನಟಿ. ಆಗ ಊರಿಂದ ವಿಡಿಯೋ ಕ್ಯಾಸೆಟ್ಟು ಬರುತ್ತಿದ್ದವು. ಭಾನುವಾರ ಬಂತೆಂದರೆ ಆ ನಟಿ ಗೋಡೆಯಾಚೆ ಹೋ ಎಂದು ಅಳುವಳು, ಇಲ್ಲಿ ನನ್ನ ಒಗ್ಗರಣೆ ಸೌಟು ನಡುಗಬೇಕು, ಹಾಗೆ. ಮುಂದೆ ಎರಡು ಸಾವಿರ ದಾಟಿದ ಮೇಲೆ ಒಂದು ಭಾನುವಾರ ಗೋಡೆ ಪೂರಾ ಸುಮ್ಮನಿತ್ತು. ಜ್ವರಗಿರ ಬಂದಿದೆಯೇನೋ ಎಂದು ಓಡಿದೆ. ನೋಡಿದರೆ ಆಕೆ ಟಿವಿ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಾಳೆ. ಅದೇ ನಟಿ, ಆದರೆ ಮುದುಕಿ. ಬಣ್ಣವಿಲ್ಲ, ಹಾಡಿಲ್ಲ, ಕೊರಳಿನ ಸುಕ್ಕೆಲ್ಲ ಕಾಣುತ್ತದೆ. ಅಕ್ಕಿ ತೊಳೆಯುತ್ತಾಳೆ, ತೊಳೆಯುತ್ತಲೇ ಇರುತ್ತಾಳೆ. ದೊಡ್ಡ ಕಂಪನಿಗಳು ಆಕೆಯನ್ನು ಕೈಬಿಟ್ಟ ಮೇಲೆ ಹೊಸ ಹುಡುಗರು ಸಣ್ಣ ಕ್ಯಾಮೆರಾ ಹಿಡಿದು, ಕೈಯಿಂದ ಖರ್ಚು ಮಾಡಿ ತೆಗೆಯುವ ಸಿನಿಮಾಗಳಂತೆ ಇವು. ಅಂಥವರು ಕರೆದರೆ ಆ ತಾಯಿ ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಹೋಗುತ್ತಾಳಂತೆ.

“ಆಗ ಆಕಿ ಅಳ್ತಿದ್ಲು, ನಾವು ನೋಡ್ತಿದ್ವಿ. ಈಗ ಆಕಿ ಸುಮ್ನ ಕೂಡ್ತಾಳ, ಅಳೂ ಕೆಲಸ ನಮ್ಮದು” ಅಂದಳು ಪಕ್ಕದ ಮನೆಯಾಕೆ. ನನಗೆ ಸತ್ಯವಾಗಿ ಆಕಳಿಕೆ ಬಂತು.

ಆ ಹೊತ್ತಿಗೆ ಮಾವ ತೀರಿಕೊಂಡು ನಮ್ಮ ಅತ್ತೆ ನಮ್ಮ ಬಳಿಯೇ ಬಂದಿದ್ದರು. ಮನೆಯಲ್ಲಿ ಎಲ್ಲರೂ ‘ಅವ್ವಾ’ ಅನ್ನುತ್ತಿದ್ದೆವು, ನಾನೂ. ಮಾತಿನ ಮಲ್ಲಿ ಅಂದರೆ ಅವರೇ! ರೇನರ್ಸ್ ಲೇನಿನ ಗುಜರಾತಿ ಅಂಗಡಿಯಲ್ಲಿ ಬದನೆಕಾಯಿಗೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುವವರು. ಅಂಥವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಕೈ ಬಂತು, ಕಾಲು ಬಂತು, ಸೊಟ್ಟಗಾದ ಬಾಯಿ ನೆಟ್ಟಗಾಯಿತು. ಮಾತು ಮಾತ್ರ ಬರಲಿಲ್ಲ. ಬಂದರೆ ಬಂದೀತು, ಕಾಯಬೇಕು ಅಂದರು ಡಾಕ್ಟರು. ಚಳಿಗಾಲ ಕಳೆದು ಬೇಸಿಗೆ ಬಂದರೂ ಒಂದು ಶಬ್ದವಿಲ್ಲ. ಸಾರಿಗೆ ಬೇಕೆಂದೇ ಉಪ್ಪು ಕಡಿಮೆ ಹಾಕಿ ನೋಡಿದೆ, ಬೈಯಲಿ ಅಂತ. ಸುಮ್ಮನೆ ಉಂಡೆದ್ದರು. ಬೈಯುವ ಅತ್ತೆಗಿಂತ ಬೈಯದ ಅತ್ತೆ ಭಾರ, ಅನುಭವಿಸಿದವರಿಗೇ ಗೊತ್ತು.

ಪಕ್ಕದ ಮನೆಯಾಕೆ ಡ್ಯೂಟಿ ಮುಗಿಸಿ ಬಂದು ಅವ್ವನ ಎದುರು ಕೂಡುವಳು. ತುಟಿ ಚಾಚಿ ನೀರಿನ ಲೋಟ ತೋರಿಸುವಳು, ಅವ್ವನೂ ತುಟಿ ಚಾಚುವರು. ವಾರದೊಳಗೆ ಇಬ್ಬರೂ ತುಟಿಯಲ್ಲೇ ಸಂಸಾರ ನಡೆಸತೊಡಗಿದರು. ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಒಂದು ಮಧ್ಯಾಹ್ನ, “ನಡೀರಿ, ಹೊಸಾ ಡಿವಿಡಿ ಬಂದದ” ಎಂದು ಇಬ್ಬರನ್ನೂ ತನ್ನ ಮನೆಗೆ ಎಬ್ಬಿಸಿಕೊಂಡು ಹೋದಳು.

ಅಕ್ಕ ತಂಗಿಯರ ಕತೆ. ಆ ನಟಿ ಅಕ್ಕ, ಸಮುದ್ರದ ದಂಡೆಯ ಗುಡಿಸಲಲ್ಲಿ ಒಬ್ಬಳೇ ಇದ್ದಾಳೆ. ಪರದೇಶಕ್ಕೆ ಹೋಗಿ ಮರೆತ ತಂಗಿ ವಯಸ್ಸಾದ ಮೇಲೆ ಬಂದು ಬಾಗಿಲು ಬಡಿಯುತ್ತಾಳೆ, “ಆತೆ! ಆತೆ!” ಅಂತ. ಒಳಗೆ ಮುದುಕಿ ಕೇಳಿಸಿಕೊಂಡೂ ಒಲೆ ಊದುತ್ತಾಳೆ. ಹೊರಗೆ ಮತ್ತೆ, “ಆತೆ!” ಕ್ಯಾಮೆರಾ ಆ ಮುಖ ಬಿಟ್ಟು ಕದಲುವುದಿಲ್ಲ. ನನ್ನ ಪಕ್ಕದಲ್ಲಿ ಅವ್ವ ಕುರ್ಚಿಯ ತುದಿಗೆ ಸರಿದರು. ಬಾಯಿ ಬಿಟ್ಟರು, ಮುಚ್ಚಿದರು.

“ಬಾ... ಬಾಗ್ಲಾ...”

ನಾನು ಅವ್ವನತ್ತ ತಿರುಗಿದೆ.

“ಬಾಗ್ಲಾ ತಗೀ! ಸೊಸಿ... ಹೊರಗ ನಿಂತಾಳ!”

ಅಯ್ಯೋ ದೇವರೇ! ತಂಗಿ ಅಕ್ಕನನ್ನು ಕರೆದರೆ, ನಮ್ಮ ಅವ್ವನಿಗೆ ಅದು ಸೊಸೆ ಅತ್ತೆಯನ್ನು ಕರೆದಂತೆ ಕೇಳಿಸಿದೆ. ಗಟ್ಟಿ ಅತ್ತೆಯೊಬ್ಬಳು ಸೊಸೆಯನ್ನು ಹೊರಗೆ ನಿಲ್ಲಿಸಿದ್ದನ್ನು ತಡೆಯಲಾರದೆ ಬಾಯಿ ಬಿಟ್ಟಿದ್ದಾರೆ. ನಾನು ಅಳುತ್ತಾ ನಗುತ್ತಾ ಅದನ್ನು ಪಕ್ಕದ ಮನೆಯಾಕೆಗೆ ಇಂಗ್ಲಿಷಿನಲ್ಲಿ ಹೇಳಿ, “ಅವ್ವಾ, ಅವರು ಅಕ್ಕ ತಂಗಿ...” ಅನ್ನಹೋದೆ. ಪಕ್ಕದ ಮನೆಯಾಕೆ, ವಿಷಯ ತಿಳಿದದ್ದೇ, ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

“ಬಿಡು ಆತೆ. ತಪ್ಪು ತಿಳ್ಕೊಂಡ್ರ ಏನಾತು? ಮಾತಾಡಿದ್ರಲ್ಲ!” ಎಂದು ಅದೇ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದಳು. ಅವ್ವ ಮತ್ತೆ ಬೈದರು, ಈ ಸಲ ಇನ್ನೆರಡು ಶಬ್ದ ಹೆಚ್ಚು.

ಆ ತಿಂಗಳೆಲ್ಲ ಅದೇ ಔಷಧಿ. ಆ ಮಹಾತಾಯಿ ನಟಿಗೆ ಎಷ್ಟು ಪ್ರಶಸ್ತಿ ಬಂದವೋ ನಾನರಿಯೆ, ಆದರೆ ನಮ್ಮ ಅವ್ವ ಬೈದಷ್ಟು ಶ್ರದ್ಧೆಯಿಂದ ಆಕೆಯನ್ನು ಯಾರೂ ನೋಡಿರಲಿಕ್ಕಿಲ್ಲ. ಸಿನಿಮಾದ ಕೊನೆಗೂ ಆ ಬಾಗಿಲು ತೆರೆಯುವುದಿಲ್ಲ. “ಅದಕ್ಕs ಅದು ಛಲೋ ಸಿನಿಮಾ” ಅನ್ನುವಳು ಪಕ್ಕದ ಮನೆಯಾಕೆ. “ಸುಡುಗಾಡು ಸಿನಿಮಾ” ಅನ್ನುವರು ಅವ್ವ. ಅಷ್ಟರಲ್ಲಿ ಸಾರಿನ ಉಪ್ಪಿಗೂ ಬೈಗುಳ ಶುರುವಾಗಿತ್ತು. ನಾನು ಆ ಬೈಗುಳ ಕೇಳುತ್ತಾ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದೆ, ಮೈಯೆಲ್ಲ ಹಗುರ.

ಅಂದಿನಿಂದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನನ್ನನ್ನು “ಆತೆ!” ಅಂತ ಕರೆದರೆ, ನನಗಿಂತ ಮೊದಲು ಅವ್ವ “ಓ, ಬಾ ಒಳಗ” ಅನ್ನುತ್ತಿದ್ದರು. ತನಗೆ ಇನ್ನೊಬ್ಬ ಸೊಸೆ ಸಿಕ್ಕಳೆಂದೇ ಅವರ ಲೆಕ್ಕ. ಆಕೆ ಒಂದು ದಿನವೂ ತಿದ್ದಲಿಲ್ಲ.

ಕೆಲ ವರ್ಷದ ಮೇಲೆ ಆಕೆ ರಿಟೈರಾಗಿ ಊರಿಗೆ ಮರಳಿದಳು. ವರ್ಷ ತುಂಬುವುದರೊಳಗೆ ಆಕೆಯ ಅಕ್ಕನ ಮಗಳ ಫೋನು ಬಂತು, ಚಿಕ್ಕಮ್ಮ ನಿದ್ದೆಯಲ್ಲೇ ಹೋದರು ಅಂತ. ಅವ್ವನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸಂಜೆಯೂ ಮಾತಿಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ಮಾತು ಮತ್ತೆ ಹೋಯಿತೇನೋ ಅನ್ನುವ ಹಳೇ ಹೆದರಿಕೆ ನನಗೆ.

ಕೊತ್ತಂಬರಿ ತರಲು ಹೋದವಳು ವಾಪಸು ಬಂದು ಬಾಗಿಲ ಮುಂದೆ ನಿಂತೆ. ಕೀಲಿಕೈ ಕೈಯಲ್ಲೇ ಇತ್ತು. ಏನನ್ನಿಸಿತೋ, ಮದುವೆಯಾದಾಗಿನಿಂದ ಒಮ್ಮೆಯೂ ಕರೆಯದ ಹೆಸರು ಹಿಡಿದು ಕೂಗಿದೆ.

“ಅತ್ತೀ!”

ಒಳಗೆ ಸದ್ದಿಲ್ಲ. ಇನ್ನೊಮ್ಮೆ ಕೂಗಿದೆ. ಚಪ್ಪಲಿ ಎಳೆಯುವ ಸಪ್ಪಳ ನಿಧಾನವಾಗಿ ಹತ್ತಿರ ಬಂತು. ಚಿಲಕ ಸರಿಯಿತು. ಅವ್ವ ಕೆಂಪಾದ ಕಣ್ಣಿನಲ್ಲಿ ನನ್ನನ್ನೊಮ್ಮೆ ನೋಡಿ, ತುಟಿ ಚಾಚಿ ನನ್ನ ಕೈಯನ್ನು ತೋರಿಸಿದರು.

“ಕೀಲಿಕೈ ಹಿಡಕೊಂಡು ಹೊರಗ ನಿಂತು ಒದರ್ತಾಳ, ಖೋಡಿ. ಬಾ ಒಳಗ.”